ಹದಿನಾಲ್ಕನೇ ಹೆಸರು

ಕಿಬ್ದೊ, ಮಾರ್ಚ್ 4, 2019

ಕೊಮಾದ್ರೆ ಎರ್ಮೆಲಿನಾ ಅವರಿಗೆ,

ಅನುಮತಿ ಸಿಕ್ಕಿದೆ. ನಿನ್ನೆ ಸಂಜೆ ಪಾದ್ರಿಗಳ ಕಚೇರಿಯಿಂದ ಸುದ್ದಿ ಬಂತು. ಮಾರ್ಚ್ 19ರಂದು, ಒಂದೇ ಒಂದು ದಿನ, ನಮ್ಮ ಲಸಿಕೆ ತಂಡದ ಎರಡು ದೋಣಿಗಳು ಪ್ಲಾಯಾ ಅಲ್ತಾಕ್ಕೆ ಬಂದು ಹೋಗಬಹುದು. ಏಳು ವಾರದಿಂದ ಬಾಳೆ ತೋಟಕ್ಕೂ ಮೀನಿಗೂ ಹೋಗಲಾಗದೆ ಊರೊಳಗೇ ಇರುವ ನಿಮಗೆ ಒಂದು ದಿನ ಎಂಬುದು ಎಷ್ಟು ಕಡಿಮೆಯೆಂದು ನನಗೆ ಗೊತ್ತು. ಆದರೂ ಒಂದು ದಿನ.

ಈ ಪತ್ರವನ್ನು ಲಕೋಟೆಗೆ ಹಾಕಿಲ್ಲ. ಇನ್ನು ಮುಂದೆ ಎಲ್ಲ ಪತ್ರಗಳೂ ಹೀಗೆ ಬಿಚ್ಚಿದಂತೆಯೇ ಓಡಾಡಬೇಕು, ನದಿ ಕಾಯುತ್ತಿರುವ ಮರಳ ದಿಣ್ಣೆಯ ಮೇಲಿನವರು ಓದಿದ ನಂತರವೇ ಮುಂದೆ ಸಾಗಬೇಕು ಎಂಬುದು ಅವರ ಷರತ್ತು. ದಿಣ್ಣೆಯ ಮೇಲೆ ಇದನ್ನು ಓದುತ್ತಿರುವವರಿಗೆ ನನ್ನ ನಮಸ್ಕಾರ. ಇದರಲ್ಲಿ ಮಕ್ಕಳ ವಿಷಯ ಬಿಟ್ಟು ಬೇರೇನೂ ಇಲ್ಲ.

ಊರಿನ ಎಲ್ಲ ಮಕ್ಕಳಿಗೂ ಅಲ್ಲೇ ಲಸಿಕೆ ಹಾಕುತ್ತೇವೆ. ತೀರಾ ಕಷ್ಟದಲ್ಲಿರುವ ಹದಿನಾಲ್ಕು ಮಕ್ಕಳನ್ನು ಮಾತ್ರ ಕಿಬ್ದೊದ ಆಸ್ಪತ್ರೆಗೆ ಕರೆತರಬಹುದು. ಹತ್ತು ವರ್ಷ ದಾಟಿದವರು ಬರುವಂತಿಲ್ಲ, ತಾಯಂದಿರು ದಿಣ್ಣೆಯವರೆಗೆ ಮಾತ್ರ ಬಂದು ಊರಿಗೆ ಮರಳಬೇಕು. ಹೆಸರು, ವಯಸ್ಸು, ಕಾಯಿಲೆ ಬರೆದ ಪಟ್ಟಿ ಮೊದಲೇ ದಿಣ್ಣೆಗೆ ತಲುಪಬೇಕು. ಮರಳುವಾಗ ಅಲ್ಲಿ ದೋಣಿ ನಿಲ್ಲಿಸಿ ತಲೆ ಎಣಿಸುತ್ತಾರೆ. ಒಂದು ತಲೆ ಹೆಚ್ಚಿದ್ದರೂ ಎರಡೂ ದೋಣಿಗಳು ವಾಪಸ್.

ಪಟ್ಟಿ ಮಾಡುವ ಕೆಲಸ ನಿಮ್ಮದು. ಆ ಊರಿನ ಮಕ್ಕಳೆಲ್ಲ ಭೂಮಿಗೆ ಬಿದ್ದದ್ದು ನಿಮ್ಮ ಕೈಗೆ. ನನ್ನ ಮಗಳ ಹೊಕ್ಕುಳ ಬಳ್ಳಿ ಕತ್ತರಿಸಿ, ಅವಳಿಗೆ ಎರಡನೇ ತಾಯಿಯಾಗಿ, ನನಗೆ ಕೊಮಾದ್ರೆ ಆದವರೂ ನೀವೇ. ಇದರ ಜೊತೆ ಮಕ್ಕಳ ತೋಳು ಅಳೆಯುವ ಬಣ್ಣದ ಟೇಪು ಕಳಿಸಿದ್ದೇನೆ. ಎಡತೋಳಿನ ನಡುಭಾಗಕ್ಕೆ ಸುತ್ತಿ ನೋಡಿ. ಹನ್ನೊಂದೂವರೆ ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಕೆಂಪು, ಅಂಥ ಮಗು ಕಾಯುವಂತಿಲ್ಲ. ಅದಕ್ಕಿಂತ ಮೇಲೆ ಹನ್ನೆರಡೂವರೆಯವರೆಗೆ ಹಳದಿ, ಆಚೆಗೆ ಹಸಿರು. ಹಳದಿಯ ಮಕ್ಕಳು ಕಾಯಬಹುದು. ಏಪ್ರಿಲ್ 3ಕ್ಕೆ ಎರಡನೇ ಸರದಿಯ ದೋಣಿ ಬರುತ್ತದೆ, ಅದರಲ್ಲಿ ಅವರನ್ನು ಕರೆತರುತ್ತೇವೆ.

ನಿಮ್ಮ,
ದೆಯಾನೀರಾ


ಪ್ಲಾಯಾ ಅಲ್ತಾ, ಮಾರ್ಚ್ 8

ದೆಯಾನೀರಾ,

ಟೇಪು ಬಂತು. ಮಕ್ಕಳು ಅದನ್ನು ನೋಡಿ ಹೊಸ ಲಂಗ ಹೊಲಿಯಲು ಅಳತೆ ತೆಗೆಯುತ್ತಿದ್ದೇನೆಂದು ತಿಳಿದು ಸಾಲಾಗಿ ನಿಂತರು. ನಾನೂ ಇಲ್ಲವೆನ್ನಲಿಲ್ಲ. ಎರಡು ದಿನ ಮನೆಮನೆಗೆ ಹೋಗಿ ಅರವತ್ತೊಂದು ತೋಳು ಅಳೆದೆ. ಇವೇ ತೋಳುಗಳನ್ನು ಎಣ್ಣೆ ಹಚ್ಚಿ ನೀವಿದವಳು ನಾನು. ಹೆಚ್ಚು ಬರೆಯುವುದಿಲ್ಲ.

ಪಟ್ಟಿ ಹಿಂದಿನ ಹಾಳೆಯಲ್ಲಿದೆ. ಹದಿಮೂರು ಮಕ್ಕಳು ಕೆಂಪು. ಹದಿನಾಲ್ಕನೆಯದು ನಿಕಾನೋರಾಳ ಮಗಳು ಆನಾ ಬೆಲೆನ್, ಒಂಬತ್ತು ವರ್ಷ, ಬಿಟ್ಟು ಬಿಟ್ಟು ಬರುವ ಚಳಿಜ್ವರ. ಹಳದಿಯವರು ಹತ್ತು ಮಂದಿ. ಅವರಲ್ಲಿ ನನ್ನ ಮೊಮ್ಮಗ ಯೇಫರ್ ಕೂಡ ಇದ್ದಾನೆ, ನಾಲ್ಕು ವರ್ಷ, ಹನ್ನೆರಡು ಸೆಂಟಿಮೀಟರು. ಅವನು ಗಟ್ಟಿ. ಏಪ್ರಿಲ್ 3ಕ್ಕೆ ಬರುತ್ತಾನೆ. ಅವನ ಅಮ್ಮ ಕಾಲಿ ಪಟ್ಟಣದಿಂದ ಫೋನು ಮಾಡಿದರೆ ಹಾಗೇ ಹೇಳು, ಹೆದರಿಸಬೇಡ.

ದಿಣ್ಣೆಯ ಮೇಲೆ ಇದನ್ನು ಓದುವ ಮಗನೇ, ನಿನ್ನ ಪಾದದಲ್ಲಿ ಹುಣ್ಣಾಗಿದೆಯೆಂದು ಪತ್ರ ಒಯ್ಯುವ ದೋಣಿಯ ಪಾಸ್ಕಾಸಿಯೊ ಹೇಳಿದ. ಬೂಟಿನೊಳಗೆ ಕಾಲು ಒದ್ದೆಯಿಟ್ಟುಕೊಂಡರೆ ಇನ್ನೇನಾಗುತ್ತದೆ? ಅವನ ಕೈಲಿ ಮುಲಾಮು ಕಳಿಸಿದ್ದೇನೆ. ಹಚ್ಚಿಕೊಂಡು ಬಿಸಿಲಿಗೆ ಕಾಲು ಚಾಚಿ ಕೂರು. ಕೂತು ಓದುವ ಕೆಲಸ ತಾನೇ ನಿನ್ನದು.

ಎರ್ಮೆಲಿನಾ

(ಅಂಚಿನಲ್ಲಿ, ಪೆನ್ಸಿಲಿನಲ್ಲಿ: ಓದಿದೆ. ಮುಲಾಮು ಸಿಕ್ಕಿತು, ಅಜ್ಜಿ.)


ಕಿಬ್ದೊ, ಮಾರ್ಚ್ 11

ಎರ್ಮೆಲಿನಾ ಅವರಿಗೆ,

ಕೋಪದಲ್ಲಿ ಬರೆಯುತ್ತಿದ್ದೇನೆ, ಕ್ಷಮಿಸಿ. ಚರ್ಚಿನ ಸಿಸ್ಟರ್‌ಗಳ ದೋಣಿ ಇನ್ನು ಅರ್ಧ ಗಂಟೆಯಲ್ಲಿ ಹೊರಡುತ್ತದೆ, ಯೋಚಿಸಿ ಬರೆಯಲು ಸಮಯವಿಲ್ಲ.

ನಿಮ್ಮ ಪಟ್ಟಿಯನ್ನು ಮೊನ್ನೆ ಅದು ಬಂದ ಕೂಡಲೇ ಹಿಂದಿನ ಲಸಿಕೆ ಪುಸ್ತಕದ ಜೊತೆ ತಾಳೆ ನೋಡಿದೆ. ಆನಾ ಬೆಲೆನ್ ಹೆಸರು ಬಂದಾಗ, ಪಟ್ಟಿ ತಂದು ಇನ್ನೂ ಇಲ್ಲೇ ಇದ್ದ ಪಾಸ್ಕಾಸಿಯೊ ಕಡೆ ತಿರುಗಿ, ಈ ಹುಡುಗಿ ಈಗ ಹೇಗಿದ್ದಾಳೆಂದು ಸುಮ್ಮನೆ ವಿಚಾರಿಸಿದೆ. ಅವರು ನನ್ನ ಮುಖವನ್ನೇ ನೋಡುತ್ತಾ, ಅವಳು ಹೋದ ಜೂನ್‌ನಲ್ಲೇ ತೀರಿಕೊಂಡಳಲ್ಲ, ಪೆಟ್ಟಿಗೆಗೆ ಹಲಗೆ ತಂದುಕೊಟ್ಟವನು ನಾನೇ ಎಂದರು. ಸತ್ತ ಮಕ್ಕಳಿಗೆ ಮಾಡುವ ಗುವಾಲಿಯಲ್ಲಿ ಊರೆಲ್ಲ ಸೇರಿ ಹಾಡಿ ಕಳಿಸಿಕೊಟ್ಟ ಮಗುವಿನ ಹೆಸರನ್ನು ನೀವು ಆಸ್ಪತ್ರೆ ಪಟ್ಟಿಯಲ್ಲಿ ಬರೆದಿದ್ದೀರಿ. ನಮ್ಮ ಕಡೆಯ ತಾಯಂದಿರು ಸತ್ತ ಮಕ್ಕಳನ್ನೂ ಸೇರಿಸಿಯೇ ಎಣಿಸುತ್ತಾರೆಂಬುದು ನನಗೆ ಗೊತ್ತು, ನನ್ನ ತಾಯಿಯೂ ಕೊನೆಯವರೆಗೆ ತನಗೆ ಏಳು ಮಕ್ಕಳೆಂದೇ ಹೇಳುತ್ತಿದ್ದಳು. ಆದರೆ ದೇವದೂತರಾಗಿ ಹಾರಿಹೋದ ಮಕ್ಕಳಿಗೆ ದೋಣಿಯಲ್ಲಿ ಜಾಗ ಬೇಡ. ಆ ಜಾಗದಲ್ಲಿ ಜೀವಂತ ಮಗು ಕೂರಬೇಕು.

ಹೋದ ವರ್ಷ ಇನ್ನೊಂದು ನದಿಯಲ್ಲಿ ಇಂಥದೇ ಸುಳ್ಳು ಹೆಸರುಗಳಿಂದ ನಮ್ಮ ಕೆಲಸ ನಾಲ್ಕು ತಿಂಗಳು ನಿಂತಿತು. ಹದಿನಾಲ್ಕನೇ ಹೆಸರು ಹೊಡೆದುಹಾಕಿದ್ದೇನೆ. ಹಳದಿಯವರಲ್ಲಿ ಎಲ್ಲಕ್ಕಿಂತ ತೆಳ್ಳಗಿರುವ ಮಗು ಯಾವುದೆಂದು ಕೂಡಲೇ ತಿಳಿಸಿ.

ದೆಯಾನೀರಾ


ಪ್ಲಾಯಾ ಅಲ್ತಾ, ಮಾರ್ಚ್ 10

ದೆಯಾನೀರಾ,

ಈ ಚೀಟಿಯನ್ನು ಬೊರೊಹೊ ಹಣ್ಣಿನ ತಿರುಳಿನ ಉಂಡೆಯೊಳಗಿಟ್ಟು ಎಲೆ ಸುತ್ತಿ ಪಾಸ್ಕಾಸಿಯೊ ಕೈಗೆ ಕೊಡುತ್ತಿದ್ದೇನೆ. ಹಾಳೆ ಅಂಟಂಟಾಗಿದ್ದರೆ ಬೈಯಬೇಡ. ಓದಿ ಒಲೆಗೆ ಹಾಕು.

ಬಿಚ್ಚಿದ ಪತ್ರದಲ್ಲಿ ಬರೆಯಲಾಗದ್ದು ಒಂದಿತ್ತು. ನೀನು ಈ ನದಿಯವಳು, ಆನಾ ಬೆಲೆನ್ ಹೆಸರು ನೋಡಿದ ಕೂಡಲೇ ಅರ್ಥ ಮಾಡಿಕೊಂಡು ಸುಮ್ಮನಿರುತ್ತೀ ಎಂದುಕೊಂಡಿದ್ದೆ. ಆಮೇಲೆ ನಿನ್ನ ಕೆಲಸವೇ ಹೆಸರು ತಾಳೆ ನೋಡುವುದು ಎಂಬುದು ನೆನಪಾಗಿ ನಿದ್ದೆ ಬರಲಿಲ್ಲ.

ದೋಣಿ ಹತ್ತುವವಳು ಅವಳ ಅಕ್ಕ ಲೀಬಿಯಾ. ಜನವರಿಯಲ್ಲಿ ಹನ್ನೆರಡು ತುಂಬಿತು. ನಮ್ಮನ್ನು ಊರೊಳಗೆ ಕೂಡಿಹಾಕಿರುವ ಬಂದೂಕಿನ ಕಾಡಿನವರ ನಾಯಕ ಊರಿಗೆ ಬಂದು, ಹನ್ನೆರಡು ತುಂಬಿದ ಮಕ್ಕಳು ಮೂರೇ ಮೂರು ಮನೆಯಲ್ಲಿರುವುದು ತನಗೆ ಗೊತ್ತು, ಈ ತಿಂಗಳು 20ಕ್ಕೆ ಅವರನ್ನು ಮೇಲಿನ ಶಿಬಿರಕ್ಕೆ ಕಳಿಸಿ ಎಂದು ಹೇಳಿ ಹೋಗಿದ್ದಾನೆ. ಅಡುಗೆಗಂತೆ. ಹೋದ ವರ್ಷ ಅಡುಗೆಗೆ ಹೋದ ಹುಡುಗಿಯರಲ್ಲಿ ಒಬ್ಬಳು ನನ್ನ ಬಳಿಗೆ ಬಂದದ್ದು ಹೆರಿಗೆಗೆ. ಈ ಸಲದ ಮೂವರಲ್ಲಿ ಇಬ್ಬರು ಹುಡುಗರನ್ನು ಅವರ ಅಪ್ಪಂದಿರು ಕಾಡಿನ ದಾರಿಯಲ್ಲಿ ಕರೆದುಕೊಂಡು ಹೋದರು. ಆ ದಾರಿಯಲ್ಲಿ ನೆಲಬಾಂಬು ಇಟ್ಟಿದ್ದಾರೆ. ನಿಕಾನೋರಾಳಿಗೆ ಗಂಡನಿಲ್ಲ, ಹೆಣ್ಣುಮಗುವನ್ನು ಆ ದಾರಿಯಲ್ಲಿ ನಡೆಸಲು ಅವಳಿಗೆ ಧೈರ್ಯವೂ ಇಲ್ಲ.

ಆನಾ ಬೆಲೆನ್ ಸತ್ತದ್ದನ್ನು ನೋಂದಾಯಿಸಲು ಎರಡು ದಿನದ ದಾರಿಯ ಕಚೇರಿಗೆ ಯಾರು ಹೋಗುತ್ತಾರೆ? ಅವಳ ಜನನಪತ್ರ ನಿಕಾನೋರಾಳ ಪೆಟ್ಟಿಗೆಯಲ್ಲಿ ಭದ್ರವಾಗಿದೆ. ಸರ್ಕಾರದ ಲೆಕ್ಕದಲ್ಲಿ ಅವಳಿಗೆ ಈಗ ಒಂಬತ್ತು ವರ್ಷ. ಲೀಬಿಯಾ ಹಸಿದು ಹಸಿದು ಒಂಬತ್ತರ ಹಾಗೇ ಕಾಣುತ್ತಾಳೆ. ನಿಕಾನೋರಾ ಹೆಸರು ಕೊಡಲು ಮೊದಲು ಒಪ್ಪಲಿಲ್ಲ. "ಅವಳ ಹೆಸರೊಂದೇ ನನ್ನ ಹತ್ರ ಉಳಿದಿರೋದು, ಅದನ್ನೂ ಕೇಳ್ತೀಯಲ್ಲ ಅತ್ತೆ" ಅಂದಳು. ಆಮೇಲೆ ತಾನೇ ಪೆಟ್ಟಿಗೆಯಿಂದ ಕಾಗದ ತೆಗೆದುಕೊಟ್ಟಳು.

ಅದೊಂದು ಹೆಸರನ್ನು ಮುಟ್ಟಬೇಡ.

ಎರ್ಮೆಲಿನಾ


ಕಿಬ್ದೊ, ಮಾರ್ಚ್ 12

ಕೊಮಾದ್ರೆ ಎರ್ಮೆಲಿನಾ ಅವರಿಗೆ,

ನಿನ್ನೆ ಸಂಜೆ ಪಾಸ್ಕಾಸಿಯೊ ತಂದುಕೊಟ್ಟ ಬೊರೊಹೊ ರುಚಿಯಾಗಿತ್ತು. ಪೂರ್ತಿ ಮುಗಿಸಿದೆ. ಅವರ ದೋಣಿಯೂ ಸಿಸ್ಟರ್‌ಗಳ ದೋಣಿಯೂ ನದಿ ತಿರುವಿನಲ್ಲಿ ಒಂದಕ್ಕೊಂದು ಎದುರಾಗಿ ಕೈಬೀಸಿದವಂತೆ. ಇನ್ನು ಎರಡು ಗಂಟೆ ತಡೆದು ಬರೆದಿದ್ದರೆ ನಿಮಗೆ ಆ ಕೆಟ್ಟ ಪತ್ರ ಬರುತ್ತಲೇ ಇರಲಿಲ್ಲ.

ನನ್ನ ಆ ಪತ್ರದಲ್ಲಿ ದೊಡ್ಡ ತಪ್ಪಾಗಿದೆ. ಲಸಿಕೆ ಪುಸ್ತಕದಲ್ಲಿ ಎರಡು ಸಾಲು ಬೆರೆಸಿ ಓದಿದ್ದೇನೆ. ಅದು ಬೇರೆ ಊರಿನ ಬೇರೆ ಹುಡುಗಿ. ನಮ್ಮ ನದಿಯಲ್ಲಿ ಒಂದೇ ಹೆಸರು ನಾಲ್ಕು ಮನೆಯಲ್ಲಿರುತ್ತದೆ, ಮುದುಕ ಪಾಸ್ಕಾಸಿಯೊ ಕೂಡ ಗೊಂದಲ ಮಾಡಿಕೊಂಡರು. ದಿಣ್ಣೆಯ ಮೇಲೆ ಓದುವವರೂ ದಯವಿಟ್ಟು ಗಮನಿಸಬೇಕು: ಮೊದಲು ಕೊಟ್ಟ ಪಟ್ಟಿಯೇ ಸರಿ. ಹದಿನಾಲ್ಕು ಮಕ್ಕಳು, ಹದಿನಾಲ್ಕನೆಯವಳು ಆನಾ ಬೆಲೆನ್, ಚಳಿಜ್ವರ. ಜನನಪತ್ರ ತರಲು ಅವಳ ತಾಯಿಗೆ ಹೇಳಿ.

ನನ್ನ ಹಿಂದಿನ ಪತ್ರ ನಿಮ್ಮನ್ನು ತಲುಪಿದೆಯೇ? ಯಾರ ಕೈಯಿಂದ ತಲುಪಿತು? ಒಂದು ಸಾಲಾದರೂ ಬರೆಯಿರಿ.

ದೆಯಾನೀರಾ


ಪ್ಲಾಯಾ ಅಲ್ತಾ, ಮಾರ್ಚ್ 14

ದೆಯಾನೀರಾ,

ನಿನ್ನ ಎರಡೂ ಪತ್ರ ಬಂದವು. 12ರದ್ದು ಶುಭ್ರವಾಗಿದೆ. 11ರದ್ದರಲ್ಲಿ ಮಾತ್ರ ಮೊದಲ ಎರಡು ಸಾಲು ಓದಲು ಆಯಿತು. "ನಿಮ್ಮ ಪಟ್ಟಿಯನ್ನು" ಎಂಬಲ್ಲಿಂದ ನಿನ್ನ ಸಹಿಯವರೆಗೆ ಯಾರೋ ಇದ್ದಿಲಿನಿಂದ ಒತ್ತಿ ಒತ್ತಿ ಬಳಿದಿದ್ದಾರೆ. ಬಿಸಿಲಿಗೆ ಹಿಡಿದು ನೋಡಿದರೂ ಕಾಣಲಿಲ್ಲ. ನೀನು ಏನು ಬರೆದಿದ್ದೆಯೋ ನನಗೆ ಗೊತ್ತಿಲ್ಲ. ಒಲೆಯ ಪಕ್ಕ ಇಟ್ಟಾಗ ಮಸಿ ತಗುಲಿರಬಹುದು. ಒಲೆಗೆ ಅಕ್ಷರ ಬರುವುದಿಲ್ಲವಾದ್ದರಿಂದ ಚಿಂತೆ ಮಾಡಬೇಡ.

ಹಳದಿಯವರ ಬಗ್ಗೆ ಯೋಚಿಸುವುದು ಬೇಡ. ಎಲ್ಲರೂ ಕಾಯುತ್ತಾರೆ. ಏಪ್ರಿಲ್ 3 ಖಂಡಿತ ತಾನೇ? ನೀನು ಹೌದೆಂದು ಬರೆದದ್ದನ್ನು ಮನೆಮನೆಗೂ ಓದಿ ಹೇಳಿದ್ದೇನೆ.

ಓದುವ ಮಗನೇ, ಕಾಲು ಹೇಗಿದೆ?

ಎರ್ಮೆಲಿನಾ

(ಅಂಚಿನಲ್ಲಿ, ಪೆನ್ಸಿಲಿನಲ್ಲಿ: ಓದಿದೆ. ಒಣಗುತ್ತಾ ಬಂದಿದೆ.)


ಕಿಬ್ದೊ, ಮಾರ್ಚ್ 20

ಕೊಮಾದ್ರೆ,

ಇದು ಪಾಸ್ಕಾಸಿಯೊ ಅವರ ಟೋಪಿಯ ಒಳಪದರದಲ್ಲಿ ಬರುತ್ತಿದೆ. ಓದಿ ಸುಟ್ಟುಬಿಡಿ.

ಹದಿನಾಲ್ಕು ಮಕ್ಕಳೂ ತಲುಪಿದರು. ಇಬ್ಬರಿಗೆ ಮೂಗಿನ ನಳಿಕೆಯಿಂದ ಹಾಲು ಕೊಡುತ್ತಿದ್ದಾರೆ, ಉಳಿದವರು ಬಾಯಿಂದ ಕುಡಿಯುತ್ತಾರೆ. ಎಲ್ಲರೂ ಬದುಕುತ್ತಾರೆಂದು ಡಾಕ್ಟರು ಹೇಳಿದರು.

ನಿಮ್ಮ ಕಣ್ಣಿಗೆ ಬೀಳದ್ದನ್ನು ಬರೆಯುತ್ತೇನೆ. ಮರಳುವಾಗ ದಿಣ್ಣೆಯ ಬಳಿ ಮೋಟಾರು ನಿಲ್ಲಿಸಿ, ಮಕ್ಕಳನ್ನು ಇಳಿಸಿ, ಬಿಸಿ ಮರಳಿನ ಮೇಲೆ ಸಾಲಾಗಿ ನಿಲ್ಲಿಸಬೇಕಾಯಿತು. ನಿಲ್ಲಲಾಗದವರನ್ನು ತಾಯಂದಿರು ಎತ್ತಿಕೊಂಡರು. ನಾಯಕ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ನಮ್ಮ ಕಡೆಯವನಲ್ಲ, ಒಳನಾಡಿನ ಬೆಟ್ಟದ ಸೀಮೆಯವನೆಂದು ಮಾತಿನ ಧಾಟಿಯಲ್ಲೇ ಗೊತ್ತಾಯಿತು. ಪಟ್ಟಿ ಓದುತ್ತಿದ್ದವನು ನಲವತ್ತರ ಆಸುಪಾಸಿನ ನಮ್ಮ ನದಿಯ ಕಪ್ಪು ಮನುಷ್ಯ. ಮುಂದಿನ ಹಲ್ಲೊಂದಿಲ್ಲ, ಕಿವಿಯ ಹಿಂದೆ ಪೆನ್ಸಿಲು, ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಬಟ್ಟೆ ಸುತ್ತಿತ್ತು. ನಿಮ್ಮ ಮುಲಾಮಿನ ವಾಸನೆ ನನಗೆ ದೂರದಿಂದಲೇ ತಿಳಿಯಿತು.

ಅವನು ಒಂದೊಂದೇ ಹೆಸರು ಕರೆದ. ಹದಿನಾಲ್ಕಕ್ಕೆ ಬಂದಾಗ ಲೀಬಿಯಾ ಮುಂದೆ ಬರಲಿಲ್ಲ. ತಂಗಿಯ ಹೆಸರು ಕೇಳಿ ಹಿಂದೆ ತಿರುಗಿ ನೋಡಿದಳು, ಬೇರೆ ಯಾರೋ ಬರುತ್ತಾರೆಂಬಂತೆ. ಅವನು ಎರಡನೇ ಸಲ ಕರೆದಾಗ ನಿಕಾನೋರಾ ಅವಳ ಬೆನ್ನು ತಳ್ಳಿದಳು.

ನಾಯಕ ಅವಳನ್ನು ಮೇಲಿಂದ ಕೆಳಗೆ ನೋಡಿ ಕೇಳಿದ: "ಇವಳಿಗೆ ಒಂಬತ್ತಾ?"

"ಒಂಬತ್ತೇ," ಅಂದ ಓದುವವನು. ಕಾಗದದಿಂದ ತಲೆ ಎತ್ತಲಿಲ್ಲ. "ನಂಗೆ ಗೊತ್ತು ಈ ಕೂಸು. ಇವಳ ಮನೇಲಿ ನಾನೇ ಹೋಗಿ ಹಾಡಿದೀನಿ."

"ಏನು, ಹುಟ್ಟಿದಹಬ್ಬಾನಾ?"

"ಅಂಥದ್ದೇ."

ನಾಯಕ ನಕ್ಕ. "ನೀವು ಕರಿಯರು ಎಲ್ಲದಕ್ಕೂ ಹಾಡ್ತೀರ ಬಿಡಪ್ಪ" ಅಂದು ಕೈಬೀಸಿ ದೋಣಿ ಬಿಡಲು ಹೇಳಿದ. ಓದುವವನು ಆ ಹೆಸರಿನ ಮುಂದೆ ಗೆರೆ ಎಳೆದು ಪಟ್ಟಿಯನ್ನು ಮಡಚಿಟ್ಟ. ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. ನನ್ನ ಆ ಪತ್ರದ ಮೇಲೆ ಇದ್ದಿಲು ಬಳಿದ ಕೈ ಯಾವುದೆಂದು ನನಗೆ ಆಗ ತಿಳಿಯಿತು.

ಲೀಬಿಯಾ ಈಗ ನನ್ನ ಮನೆಯಲ್ಲಿದ್ದಾಳೆ. ಆನಾ ಬೆಲೆನ್ ಎಂದು ಕರೆದರೆ ಮೂರನೇ ಸಲಕ್ಕೆ ತಿರುಗುತ್ತಾಳೆ. ನನ್ನ ಮಗಳು ಇದೊಂದು ಆಟವೆಂದುಕೊಂಡು ದಿನವಿಡೀ ಅವಳಿಗೆ ಅಭ್ಯಾಸ ಮಾಡಿಸುತ್ತಿದ್ದಾಳೆ.

ಇನ್ನೊಂದು ವಿಷಯ. ನಮಗೆ ಊರಲ್ಲಿ ಸಿಕ್ಕಿದ್ದು ಎರಡೇ ಗಂಟೆ, ಲಸಿಕೆ ಹಾಕುವುದರಲ್ಲೇ ಕಳೆಯಿತು. ನಿಮ್ಮ ಮೆಟ್ಟಿಲ ಮೇಲೆ ಯೇಫರ್ ಕೂತಿದ್ದ. ಆ ಉರಿಬಿಸಿಲಲ್ಲಿ ಅವನಿಗೆ ಯಾಕೆ ತುಂಬುತೋಳಿನ ಅಂಗಿ ಹಾಕಿದ್ದಿರಿ? ಕೇಳಬೇಕೆಂದುಕೊಂಡೆ. ಅಷ್ಟರಲ್ಲಿ ಯಾರೋ ಕರೆದರು. ಅವನ ತೋಳನ್ನು ಇನ್ನೊಮ್ಮೆ ಅಳೆದು ಬರೆಯಿರಿ. ಸೊರಗಿದ ಮಕ್ಕಳಿಗೆಂದು ನಾವು ತಂದ ಮೂರು ಪೆಟ್ಟಿಗೆ ಕಡಲೆಕಾಯಿ ಪೇಸ್ಟಿನಲ್ಲಿ ಎರಡನ್ನು ದಿಣ್ಣೆಯಲ್ಲೇ ಇಳಿಸಿಕೊಂಡರಲ್ಲ, ಉಳಿದ ಒಂದರಲ್ಲಿ ಅವನಿಗೆ ದಿನಕ್ಕೆರಡು ಪೊಟ್ಟಣ ತಪ್ಪದೆ ಕೊಡಿ.

ಏಪ್ರಿಲ್ 3ರ ದೋಣಿಗೆ ಕಾಗದಪತ್ರ ನಡೆಯುತ್ತಿದೆ.

ನಿಮ್ಮ ದೆಯಾನೀರಾ


ಪ್ಲಾಯಾ ಅಲ್ತಾ, ಮಾರ್ಚ್ 29

ದೆಯಾನೀರಾ,

ದಿಣ್ಣೆಯ ಮೇಲೆ ಓದುವ ಹೊಸಬನಿಗೆ ನಮಸ್ಕಾರ. ಹಿಂದಿನವನಿಗೆಂದು ಕಳಿಸಿದ ಎರಡನೇ ಡಬ್ಬಿ ಮುಲಾಮು ತಿರುಗಿ ಬಂತು. ಅದರ ಮೇಲೆ ಏನೂ ಬರೆದಿರಲಿಲ್ಲ. ನಿನ್ನ ಕಾಲು ಚೆನ್ನಾಗಿದ್ದರೆ ಸಂತೋಷ.

ಮಕ್ಕಳು ಬದುಕುತ್ತಾರೆಂದು ಕೇಳಿ ಊರಿಗೆ ಜೀವ ಬಂದಂತಾಗಿದೆ. ಪೇಸ್ಟಿನ ಪೆಟ್ಟಿಗೆ ಮುಗಿಯಿತು. ಹಳದಿಯವರು ಹತ್ತು ಮಂದಿ, ಅವರ ಜೊತೆ ಅಣ್ಣತಮ್ಮಂದಿರು ಬಾಯಿ ಬಿಟ್ಟುಕೊಂಡು ನಿಲ್ಲುತ್ತಾರೆ. ನನ್ನ ಮೊಮ್ಮಗನಿಗೆ ಎರಡು, ನಿಮ್ಮವರಿಗೆ ಒಂದು ಎಂದು ಹಂಚುವುದು ನನ್ನಿಂದಾಗಲಿಲ್ಲ.

ಯೇಫರ್ ದಪ್ಪಗಾದ ಹಾಗೆ ಕಾಣುತ್ತಾನೆ, ನೆರೆಯವರು ಹಾಗೇ ಹೇಳುತ್ತಾರೆ. ಪಾದಗಳು ತುಂಬಿಕೊಂಡಿವೆ. ಬೆರಳಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯುತ್ತದೆ. ಆಟಕ್ಕೆ ಎದ್ದು ಹೋಗುವುದಿಲ್ಲ, ನನ್ನ ಸೆರಗು ಹಿಡಿದು ಕೂರುತ್ತಾನೆ. "ಅಜ್ಜಿ, ದೋಣಿಯೋರು ನಂಗೂ ಬಿಸ್ಕತ್ತು ಕೊಡ್ತಾರಾ?" ಅಂತ ಕೇಳುತ್ತಾನೆ. ಐದು ದಿನ ಇದೆ ಎಂದು ಕೈಬೆರಳು ತೋರಿಸಿದ್ದೇನೆ. ದಿನಾ ಒಂದೊಂದು ಬೆರಳು ಮಡಚುತ್ತಾನೆ.

ನೀನೇ ಬರುತ್ತೀ ತಾನೇ?

ಎರ್ಮೆಲಿನಾ


ಕಿಬ್ದೊ, ಏಪ್ರಿಲ್ 5

ಕೊಮಾದ್ರೆ,

ದೋಣಿ ಯಾಕೆ ಬರಲಿಲ್ಲವೆಂದು ನಿಮಗೆ ತಿಳಿಯಬೇಕು. ಈ ಪತ್ರವನ್ನು ಯಾರು ಓದಿದರೂ ಸರಿ ಎಂದು ಬಿಚ್ಚಿಯೇ ಕಳಿಸುತ್ತಿದ್ದೇನೆ.

ಎರಡನೇ ದೋಣಿಗೆ ಅನುಮತಿ ಎಂದೂ ಇರಲಿಲ್ಲ. ಮಾರ್ಚ್ 4ರಂದು ನಾನು ಬರೆದಾಗಲೂ ಇರಲಿಲ್ಲ. ಮೊದಲನೆಯದು ಸರಿಯಾಗಿ ನಡೆದರೆ ಎರಡನೆಯದನ್ನು ನೋಡೋಣ ಎಂದು ರಾಜಧಾನಿಯ ನಮ್ಮ ಕಚೇರಿಯವರು ಅಂದಿದ್ದರು, ಅಷ್ಟೇ. ಬಿಟ್ಟುಹೋಗುವ ಮಕ್ಕಳ ತಾಯಂದಿರು ಗಲಾಟೆ ಮಾಡಿ ಮೊದಲ ದೋಣಿಯೂ ಕೆಟ್ಟುಹೋದೀತೆಂಬ ಭಯಕ್ಕೆ ನಾನು ತಾರೀಕು ಹಾಕಿ ಬರೆದೆ. ಹೇಗಾದರೂ ಅನುಮತಿ ತಂದೇ ತರುತ್ತೇನೆ, ಆಗ ಸುಳ್ಳು ಸುಳ್ಳಾಗಿ ಉಳಿಯುವುದಿಲ್ಲ ಎಂದುಕೊಂಡಿದ್ದೆ. ಖಂಡಿತ ತಾನೇ ಎಂದು ನೀವು ಕೇಳಿದಾಗಲೂ ಹಾರಿಕೆಯ ಮಾತು ಬರೆದೆ.

ನಿಮ್ಮ 29ರ ಪತ್ರ ಏಪ್ರಿಲ್ 1ಕ್ಕೆ ಬಂತು. ಪಾದದಲ್ಲಿ ಗುಳಿ ಬೀಳುವುದು ದಪ್ಪಗಾಗುವುದಲ್ಲ, ಅದು ಕೆಂಪಿಗಿಂತ ಕೆಟ್ಟದ್ದು. ಕಚೇರಿಗೆ ಹೇಳದೆ 3ರಂದು ಸಿಸ್ಟರ್‌ಗಳ ದೋಣಿಯಲ್ಲಿ ಔಷಧಿ ಹಾಲು ತೆಗೆದುಕೊಂಡು ಹೊರಟೆ. ದಿಣ್ಣೆಯಲ್ಲಿ ತಡೆದರು. ನಾಲ್ಕು ಗಂಟೆ ಕಾದೆ. ಒಂದೇ ಮಗು, ಒಂದೇ ಹೆಸರು ಎಂದು ಕೇಳಿಕೊಂಡೆ. "ಪಟ್ಟಿ ಎಲ್ಲಿದೆ?" ಎಂದರು. ಹಾಲಿನ ಪುಡಿಯನ್ನಾದರೂ ಕಳಿಸಿ ಎಂದು ಬಿಟ್ಟುಬಂದಿದ್ದೇನೆ. ಕಳಿಸಿದರೋ ಇಲ್ಲವೋ ಗೊತ್ತಿಲ್ಲ. ನೀವಿರುವ ತಿರುವಿನಿಂದ ಬರುವ ಹೊಗೆ ಅಲ್ಲಿಂದ ಕಾಣುತ್ತಿತ್ತು.

ಯೇಫರ್ ಹೇಗಿದ್ದಾನೆ?

ದೆಯಾನೀರಾ


ಪ್ಲಾಯಾ ಅಲ್ತಾ, ಏಪ್ರಿಲ್ 11

ದೆಯಾನೀರಾ,

ಇದೂ ಟೋಪಿಯೊಳಗೆ ಬರುತ್ತಿದೆ. ಪಾಸ್ಕಾಸಿಯೊ ಹಠ ಮಾಡಿ ತೆಗೆದುಕೊಂಡ.

ಹಾಲಿನ ಪುಡಿ 4ನೇ ತಾರೀಕು ಮಧ್ಯಾಹ್ನ ಬಂತು, ಚೀಲ ಒಡೆದಿರಲಿಲ್ಲ. ಯೇಫರ್ ಆ ಬೆಳಿಗ್ಗೆಯೇ ಹೋಗಿದ್ದ. ಹಾಲನ್ನು ಉಳಿದ ಒಂಬತ್ತು ಮಕ್ಕಳಿಗೆ ಕುಡಿಸಿದ್ದೇನೆ. ಅವರು ಚೇತರಿಸಿಕೊಳ್ಳುತ್ತಿದ್ದಾರೆ.

ರಾತ್ರಿ ದೀಪ ಹಚ್ಚಲು ಕಾಡಿನವರು ಬಿಡುವುದಿಲ್ಲವಾದ್ದರಿಂದ ಗುವಾಲಿಯನ್ನು ಹಗಲಲ್ಲೇ ಮಾಡಿದೆವು. ಬಿಳಿ ಬಟ್ಟೆ ಇರಲಿಲ್ಲ, ಸಿಸ್ಟರ್‌ಗಳು ಕೊಟ್ಟ ತಲೆದಿಂಬಿನ ಚೀಲದಿಂದ ಅಂಗಿ ಹೊಲಿದೆ, ತೋಳಿಲ್ಲದ ಅಂಗಿ. ನಿಕಾನೋರಾ ಎಲ್ಲರಿಗಿಂತ ಗಟ್ಟಿಯಾಗಿ ಹಾಡಿದಳು, ಅವನನ್ನು ಕೈಯಿಂದ ಕೈಗೆ ದಾಟಿಸಿ ಕುಣಿಸಿದಳು. ನನ್ನ ಪಕ್ಕದಲ್ಲಿ ಕೂತು, "ಅಳಬೇಡ ಅತ್ತೆ, ರೆಕ್ಕೆ ನೆಂದುಬಿಡುತ್ತೆ" ಅಂದಳು. ಹೋದ ಜೂನ್‌ನಲ್ಲಿ ಇದೇ ಮಾತನ್ನು ನಾನು ಅವಳಿಗೆ ಹೇಳಿದ್ದೆ. ನಾನು ಅಳಲಿಲ್ಲ.

ನಿನ್ನ ಪತ್ರ ಓದಿದೆ. ನೀನು ನಿನ್ನದನ್ನು ಹೇಳಿದೆ, ನಾನೂ ನನ್ನದನ್ನು ಹೇಳುತ್ತೇನೆ. ಯೇಫರ್‌ನ ತೋಳು ಹನ್ನೆರಡು ಸೆಂಟಿಮೀಟರು ಇರಲಿಲ್ಲ. ಹನ್ನೊಂದಕ್ಕಿಂತ ಒಂದು ಕೂದಲು ಹೆಚ್ಚಿತ್ತು. ಕೆಂಪು ಹದಿಮೂರಲ್ಲ, ಹದಿನಾಲ್ಕು. ಜಾಗವೂ ಹದಿನಾಲ್ಕು. ಲೀಬಿಯಾಳಿಗೆ ಬೇಕಿದ್ದ ಜಾಗಕ್ಕೆ ಯಾವ ಮನೆಯ ಮಗುವನ್ನು ಇಳಿಸಲಿ? ಬೇರೆಯವರ ಮಗುವಿನ ತೋಳಿನ ಅಳತೆ ತಿದ್ದಲು ನನಗೆ ಹಕ್ಕಿರಲಿಲ್ಲ. ನನ್ನದನ್ನು ತಿದ್ದಿದೆ. ಹದಿನೈದು ದಿನ ತಾನೇ ಎಂದುಕೊಂಡೆ. ಹುಟ್ಟುವಾಗಲೇ ಕೊರಳಿಗೆ ಹೊಕ್ಕುಳ ಬಳ್ಳಿ ಸುತ್ತಿಕೊಂಡು ಬಂದವನು, ಹದಿನೈದು ದಿನ ತಡೆಯುತ್ತಾನೆ ಎಂದುಕೊಂಡೆ. ನೀನು ಬಂದ ದಿನ ತೋಳು ಕಾಣದಿರಲೆಂದು ಅಂಗಿ ಹಾಕಿಸಿದವಳೂ ನಾನೇ. ನೀನು ಕೇಳಿದ್ದರೆ ಹೇಳಿಬಿಡುತ್ತಿದ್ದೆನೋ ಏನೋ. ಕೇಳಲಿಲ್ಲವೆಂದು ನಿನ್ನ ಮೇಲೆ ಹೊರಿಸುತ್ತಿಲ್ಲ.

ಎರಡನೇ ದೋಣಿ ಇಲ್ಲವೆಂದು ಗೊತ್ತಿದ್ದರೆ ಏನು ಮಾಡುತ್ತಿದ್ದೆ? ನಿನ್ನ ಪತ್ರ ಬಂದಾಗಿನಿಂದ ಇದನ್ನೇ ಕೇಳಿಕೊಳ್ಳುತ್ತಿದ್ದೇನೆ. ಉತ್ತರವನ್ನು ನೀನು ಹುಡುಕಬೇಡ.

ಕಾಲಿ ಪಟ್ಟಣದಲ್ಲಿರುವ ಅವನ ಅಮ್ಮನಿಗೆ ಫೋನು ಮಾಡಿ ನೀನೇ ಹೇಳು. ಅಳತೆಯ ವಿಷಯ ಹೇಳಬೇಡ. ಅದನ್ನು ನಾನು ಅವಳ ಮುಖ ನೋಡಿ ಹೇಳಬೇಕು.

ಈಗ ಕೆಲಸದ ಮಾತು. ನಿನ್ನ ಪುಸ್ತಕದಲ್ಲಿ ಯೇಫರ್ ಹೆಸರಿದೆ. ಅದನ್ನು ಹೊಡೆದುಹಾಕಬೇಡ. ಅವನು ಹೋದದ್ದನ್ನು ನಾನು ಯಾವ ಕಚೇರಿಗೂ ಹೋಗಿ ಬರೆಸುವುದಿಲ್ಲ, ನೀನೂ ಬರೆಸಬೇಡ. ಜನನಪತ್ರವನ್ನು ಮೇಣದ ಬಟ್ಟೆಯಲ್ಲಿ ಸುತ್ತಿ ನಿಕಾನೋರಾಳ ಪೆಟ್ಟಿಗೆಯಲ್ಲಿ, ಆನಾ ಬೆಲೆನ್ ಕಾಗದವಿದ್ದ ಜಾಗದಲ್ಲೇ ಇಟ್ಟಿದ್ದೇವೆ. ಪ್ರತಿ ವರ್ಷ ಅವನಿಗೆ ಒಂದೊಂದು ವಯಸ್ಸು ಹಾಕುತ್ತಾ ಬಾ. ನೆರೆಮನೆಯಲ್ಲಿ ಗಂಡುಮಕ್ಕಳು ಬೆಳೆಯುತ್ತಿದ್ದಾರೆ. ಒಂದು ದಿನ ಯಾರಿಗಾದರೂ ಹತ್ತು ವರ್ಷದ ಹೆಸರು ಬೇಕಾಗುತ್ತದೆ.

ಎರ್ಮೆಲಿನಾ


ಕಿಬ್ದೊ, ಮಾರ್ಚ್ 2, 2020

ಎರ್ಮೆಲಿನಾ ಪೆರೇಯಾ ಅವರಿಗೆ,

ಈ ವರ್ಷದ ಲಸಿಕೆ ದೋಣಿ ಇದೇ 11ಕ್ಕೆ ಬರುತ್ತದೆ. ಅನುಮತಿ ಪತ್ರ ನನ್ನ ಮೇಜಿನ ಮೇಲಿದೆ, ಅದನ್ನು ನೋಡಿಕೊಂಡೇ ತಾರೀಕು ಬರೆಯುತ್ತಿದ್ದೇನೆ. ಹೊಸ ಟೇಪು ಕಳಿಸಿದ್ದೇನೆ. ಈ ಸಲ ಅಳೆಯುವವಳು ನಾನು, ನೀವು ಪಕ್ಕದಲ್ಲಿದ್ದರೆ ಸಾಕು. ಎಲ್ಲ ಮಕ್ಕಳಿಗೂ ತೋಳಿಲ್ಲದ ಅಂಗಿ ಹಾಕಿಸಿ.

ಆನಾ ಬೆಲೆನ್ ಚೆನ್ನಾಗಿದ್ದಾಳೆ, ಶಾಲೆಗೆ ಹೋಗುತ್ತಾಳೆ. ಕರೆದರೆ ಮೊದಲ ಸಲಕ್ಕೇ ತಿರುಗುತ್ತಾಳೆ.

ಊರಿನ ಮಕ್ಕಳ ಪಟ್ಟಿಯನ್ನು ಹಿಂದಿನ ಪುಸ್ತಕದ ಜೊತೆ ನಾನೇ ತಾಳೆ ನೋಡಿದ್ದೇನೆ. ಅರವತ್ತೊಂದು ಹೆಸರು, ಎಲ್ಲವೂ ಸರಿಯಾಗಿವೆ. ದಿಣ್ಣೆಯ ಮೇಲೆ ಓದುವವರ ಅನುಕೂಲಕ್ಕಾಗಿ ಪ್ರತಿಯನ್ನು ಲಗತ್ತಿಸಿದ್ದೇನೆ. ಹದಿನಾಲ್ಕನೇ ಸಾಲನ್ನು ಒಮ್ಮೆ ನೋಡಿ, ತಪ್ಪಿದ್ದರೆ ತಿಳಿಸಿ:

14. ಯೇಫರ್ ಪೆರೇಯಾ, ಗಂಡು, ಐದು ವರ್ಷ. ಊರಿನಲ್ಲಿದ್ದಾನೆ.

ದೆಯಾನೀರಾ ರೆಂಟೆರಿಯಾ